ಚೌಕಟ್ಟು ಇದ್ದಷ್ಟು ಪಂಪು

'ಚೌಕಟ್ಟು ಇದ್ದಷ್ಟು ಪಂಪು ಚಾಚು' ಅಂತ ಹಿರಿಯರು ಹೇಳಿದ್ದಾರೆ. ಅವರು ಹೇಳಿದ್ದು ಹಾಸಿಗೆ, ಕಾಲಿನ ವಿಷಯ ಎಂದು ಯಾರಾದರೂ ತಕರಾರು ತೆಗೆದರೆ, ಆಗ ಸೈಕಲ್ ಇರಲಿಲ್ಲ ಎಂಬುದಷ್ಟೇ ನನ್ನ ಉತ್ತರ. ಇನ್ನು ಈ ಕತೆ ನಿಜವಾಗಿಯೂ ನಡೆದದ್ದು. ನಡೆದಿದ್ದಕ್ಕಿಂತ ಓಡಿದ್ದೇ ಹೆಚ್ಚು. ಅದು ಆಮೇಲೆ ತಿಳಿಯುತ್ತದೆ.

ನಮ್ಮ ಕಥಾನಾಯಕ ದರ್ಜಿ. ಊರಿಗೆಲ್ಲ 'ಎರಡು ಬೆರಳು ಮಾಸ್ಟರ್'. ಯಾರ ಅಳತೆ ತೆಗೆದರೂ ಟೇಪಿನೊಳಗೆ ತನ್ನ ಎರಡು ಬೆರಳು ತೂರಿಸಿ, "ಸ್ವಲ್ಪ ಲೂಸ್ ಇರಲಿ, ಉಸಿರಾಡ್ಬೇಕಲ್ಲ" ಎನ್ನುವುದು ಅವನ ಪದ್ಧತಿ. ಅವನು ಹೊಲಿದ ಅಂಗಿಯೊಳಗೆ ಮನುಷ್ಯನ ಜೊತೆಗೆ ಅವನ ಅಭಿಪ್ರಾಯಗಳೂ ಆರಾಮಾಗಿ ಓಡಾಡಿಕೊಂಡಿರುತ್ತಿದ್ದವು.

ಇಪ್ಪತ್ತೆರಡು ವರ್ಷ ಅವನು ಹೊಲಿಗೆ ಯಂತ್ರ ತುಳಿದಿದ್ದ. ತುಳಿದದ್ದನ್ನೆಲ್ಲ ನೆಟ್ಟಗೆ ಹಾಸಿದ್ದರೆ ಸಮುದ್ರ ಸಿಗುತ್ತಿತ್ತು. ಆದರೆ ಕೂತಲ್ಲಿಂದ ಒಂದಿಂಚು ಮುಂದೆ ಹೋಗಿರಲಿಲ್ಲ. ಹೀಗಾಗಿ ಮಾವನ ಹಳೆಯ ರೇಸ್ ಸೈಕಲ್ಲಿನ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ಬೆರಳು ದಪ್ಪದ ಟೈರು, ತೆಳ್ಳನೆಯ ಉಕ್ಕಿನ ಕೊಳವೆಗಳ ಸೈಕಲ್ಲು ಅದು.

"ತುಳಿದ್ರೆ ಮುಂದಕ್ಕೆ ಹೋಗತ್ತೆ ಅಂತಾರೆ ಕಣೇ. ನಿಜಾನಾ ಅಂತ ಒಂದ್ಸಲ ನೋಡ್ಬೇಕು" ಎಂದು ಹೆಂಡತಿಯ ಹತ್ತಿರ ಹೇಳಿಕೊಂಡಿದ್ದ.

ಮಾವ ನಿವೃತ್ತ ಡ್ರಿಲ್ ಮೇಷ್ಟ್ರು, ಜೊತೆಗೆ ಹಳೇ ಸೈಕಲ್ ಸಂಘದ ಮೂವತ್ತು ವರ್ಷದ ಅಧ್ಯಕ್ಷರು. ಸಂಘಕ್ಕೆ ಇದ್ದದ್ದು ಒಂದೇ ನಿಯಮ: ಪ್ರತಿ ಸೈಕಲ್ಲಿನ ಚೌಕಟ್ಟಿನಲ್ಲಿ ಅದರದ್ದೇ ಪಂಪು ಕೂತಿರಬೇಕು. ಸವಾರಿ ಹೊರಡುವ ಮುಂಚೆ ಅಧ್ಯಕ್ಷರು ಸೀಟಿ ಊದಿ, ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರು. ಪಂಪಿಲ್ಲದವನು, ದೊಡ್ಡ ಡಾಕ್ಟರಾಗಿದ್ದರೂ, ಸೈಕಲ್ ತಳ್ಳಿಕೊಂಡು ಮನೆಗೆ.

ಇಂಥ ಮಾವನ ಸೈಕಲ್ಲಿನ ಪಂಪೇ ಕಳೆದುಹೋಯಿತು. ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೋದ ವಾರ ಸೈಕಲ್ಲನ್ನು ಅಳಿಯನ ಅಂಗಡಿಯಲ್ಲಿ ನಿಲ್ಲಿಸಿ, "ಅಳಿಯಂದಿರೇ, ಶನಿವಾರ ಸಾಯಂಕಾಲ ಐದಕ್ಕೆ ಬರ್ತೀನಿ. ನನ್ನ ಪಂಪು ಹೆಂಗೆ ಕೂತಿತ್ತೋ ಹಂಗೇ ಒಂದು ಪಂಪು ಕೂತಿರ್ಬೇಕು. ದಾರ ಕಟ್ಟೋ ಹಾಗಿಲ್ಲ, ತಂತಿ ಸುತ್ತೋ ಹಾಗಿಲ್ಲ. ಕೂತಿದ್ರೆ ಸೈಕಲ್ ನಿಮ್ಮದು. ಇಲ್ಲಾಂದ್ರೆ ನಿಮ್ಮ ಷಡ್ಡಕರಿಗೆ. ವಿಶ್ರಾಮ್!" ಎಂದು ಹೇಳಿ ಹೋಗಿದ್ದರು.

ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಸೈಕಲ್ ತುಳಿಯುವವನೇ ಅಲ್ಲ. ನಡುಮನೆಯ ಗೋಡೆಗೆ ನೇತು ಹಾಕಿ, ಕೆಳಗೊಂದು ದೀಪ ಇಟ್ಟು, ಬಂದವರಿಗೆ ತೋರಿಸಬೇಕೆಂಬುದು ಅವನ ಆಸೆ. ಅದನ್ನು ನೆನೆದರೆ ಮಾಸ್ಟರ್ ಕಾಲು ಯಂತ್ರದ ಮೇಲೇ ನಿಂತುಬಿಡುತ್ತಿತ್ತು.

ಮೇಲಿನ ಅಡ್ಡ ಕೊಳವೆಯ ಕೆಳಗೆ, ಮುಂದಿನ ಕೊಳವೆಗೂ ಸೀಟಿನ ಕೊಳವೆಗೂ ನಡುವೆ ಪಂಪು ಒತ್ತಿಕೊಂಡು ಕೂರಬೇಕು. ಅಳತೆ ತೆಗೆಯುವುದು ಅವನಿಗೆ ಉಸಿರಾಡಿದಷ್ಟೇ ಸಲೀಸು. ತೆಗೆದ. ಹದಿನೆಂಟೂವರೆ ಇಂಚು. ಚೀಟಿಯಲ್ಲಿ ಇಪ್ಪತ್ತು ಎಂದು ಬರೆದು ಸೈಕಲ್ ಅಂಗಡಿಗೆ ಕಳಿಸಿದ.

ಶನಿವಾರ ಬೆಳಿಗ್ಗೆ ಪಂಪು ಬಂತು. ಇಟ್ಟು ನೋಡಿದರೆ, ಕಿಟಕಿಯಿಂದ ಕಾಲು ಹೊರಗೆ ಚಾಚಿ ಮಲಗಿದ ನೆಂಟನ ಹಾಗೆ ಚೌಕಟ್ಟಿನ ಆಚೆ ಒಂದು ತುದಿ ಇಣುಕುತ್ತಿತ್ತು.

ಹೆಂಡತಿ ಚೀಟಿ ನೋಡಿದಳು, ಟೇಪು ನೋಡಿದಳು, ಕೊನೆಗೆ ಗಂಡನ ಬೆರಳು ನೋಡಿದಳು. "ರೀ, ಲೂಸ್ ಬಿಟ್ರಾ?"

"ಅಭ್ಯಾಸ."

"ಸೈಕಲ್ಲು ಮುಂದಿನ ವರ್ಷಕ್ಕೆ ಬೆಳೆಯತ್ತಾ?" ಎಂದವಳೇ ಸೊಂಟದ ಮೇಲೆ ಕೈಯಿಟ್ಟು, ಎದೆ ಉಬ್ಬಿಸಿ, ತಂದೆಯ ದನಿ ತೆಗೆದಳು: "ಅಳಿಯಂದಿರೇ! ಪಂಪು ಹಿಡೀರಿ! ಅಂಗಡಿ ಕಡೆ ತಿರುಗಿ! ಓಡಿ!"

ಮಾಸ್ಟರ್ ನಿಜಕ್ಕೂ ಓಡಿದ.

ಸೈಕಲ್ ಅಂಗಡಿಯವನು ಪಂಪನ್ನು ತಿರುಗಿಸಿ ನೋಡಿ, ಹಲ್ಲಿನ ಡಾಕ್ಟರು ಕೆಟ್ಟ ಸುದ್ದಿ ಹೇಳುವಾಗಿನ ಶಾಂತಿಯಲ್ಲಿ ಹೇಳಿದ: "ಪಂಪಿನ ಹಿಡಿಯೊಳಗೆ ಸ್ಪ್ರಿಂಗ್ ಇರತ್ತೆ ಮಾಸ್ಟ್ರೇ. ಒತ್ತಿ ಒಳಗೆ ಕೂರಿಸಿ ಬಿಟ್ರೆ ಅದೇ ಕಚ್ಕೊಳತ್ತೆ. ಅದಕ್ಕೆ ಜಾಗಕ್ಕಿಂತ ಅರ್ಧ ಇಂಚು ಉದ್ದ ಇರ್ಬೇಕು. ನೀವು ಒಂದೂವರೆ ಬಿಟ್ಟಿದೀರಿ."

"ಹಾಗಾದ್ರೆ ಹತ್ತೊಂಬತ್ತು ಕೊಡಿ."

"ಹತ್ತೊಂಬತ್ತು ಬರಲ್ಲ. ಹದಿನೆಂಟಿದೆ, ಇಪ್ಪತ್ತಿದೆ. ನಿಮ್ಮ ಸೈಕಲ್ಲು ಅತ್ತಲೂ ಅಲ್ಲ ಇತ್ತಲೂ ಅಲ್ಲ. ಆ ಚೌಕಟ್ಟಿಗೆ ಪಂಪು ಯಾರೂ ಮಾಡಿದ್ದನ್ನ ನಾನಂತೂ ಕಂಡಿಲ್ಲ."

"ನಮ್ಮ ಮಾವನಿಗೆ ಮೂವತ್ತು ವರ್ಷ ಇತ್ತಲ್ರೀ!"

"ಹಾಗಾದ್ರೆ ಮಾವನ್ನೇ ಕೇಳಿ."

ಮಾವನನ್ನು ಕೇಳುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ವಾಸಿ. ಮಾಸ್ಟರ್ ಅಂಗಡಿಯ ಮೆಟ್ಟಿಲ ಮೇಲೆ ಕುಸಿದ. ಅಲ್ಲಿಗೆ ಬಂದದ್ದು ಪಕ್ಕದ ಫೋಟೋ ಕಟ್ಟು ಹಾಕುವವನು. ಯಾರ ಕಷ್ಟವನ್ನೂ ಹೊರಗೆ ನಿಂತು ನೋಡಿದ ಮನುಷ್ಯನಲ್ಲ ಅವನು.

"ಫ್ರೇಮು ಅಂದ್ಮೇಲೆ ನನ್ನ ಕೇಳ್ಬೇಕು ತಾನೇ ಮಾಸ್ಟ್ರೇ? ಈ ಬೀದೀಲಿ ಸತ್ತೋರನ್ನೆಲ್ಲ ಫ್ರೇಮಿನೊಳಗೆ ಕೂರಿಸಿದೋನು ನಾನು. ಒಬ್ಬರಾದ್ರೂ ಲೂಸಾಯ್ತು ಅಂತ ಎದ್ದು ಬಂದಿದಾರಾ?"

"ಇಲ್ಲ."

"ಗಾಜು ಯಾವತ್ತೂ ಚೌಕಟ್ಟಿಗಿಂತ ಚೂರು ಚಿಕ್ಕದಿರ್ಬೇಕು. ಸಂದೀಲಿ ರಟ್ಟು ತುರುಕಿದ್ರೆ ಅಲ್ಲಾಡಲ್ಲ. ಹದಿನೆಂಟು ತಗೊಳ್ಳಿ!"

ಅಂಗಡಿಯವನು ಬೇಡ ಎಂದು ತಲೆಯಾಡಿಸಿದ. ಆದರೆ ಎರಡು ಸಲಹೆಗಳಲ್ಲಿ ಜೋರಾಗಿ ಹೇಳಿದ್ದನ್ನೇ ನಂಬುವುದು ಮನುಷ್ಯನ ಸ್ವಭಾವ. ಇಪ್ಪತ್ತನ್ನು ಕೊಟ್ಟು ಹದಿನೆಂಟನ್ನು ತಂದರು. ಕಟ್ಟಿನವನು ಎರಡೂ ಕಡೆ ರಟ್ಟು ತುರುಕಿ, ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದ. "ಎಡಗಡೆ ಚೂರು ಇಳಿದಿದೆ. ಹೂವಿನ ಹಾರ ಹಾಕಿದ್ರೆ ಗೊತ್ತಾಗಲ್ಲ."

"ಪಂಪಿಗೆ ಹಾರ ಯಾಕ್ರೀ?"

"ಕ್ಷಮಿಸಿ. ಅಭ್ಯಾಸ."

ಗಟ್ಟಿ ಕೂತಿದೆಯೇ ಎಂದು ನೋಡಲು ಮಾಸ್ಟರ್ ಸೈಕಲ್ಲನ್ನು ಬೀದಿಗೆ ಇಳಿಸಿದ. ಹತ್ತಲಿಲ್ಲ; ಸೈಕಲ್ ತನ್ನದಾಗುವವರೆಗೂ ಹತ್ತಬಾರದೆಂದು ಅವನಿಗೆ ಅವನೇ ಹಾಕಿಕೊಂಡ ಕಟ್ಟಳೆ. ತಳ್ಳಿಕೊಂಡು ಹೋದ. ಮೊದಲ ಗುಂಡಿಯಲ್ಲಿ ರಟ್ಟು ಬಿತ್ತು. ಎರಡನೆಯ ಗುಂಡಿಯಲ್ಲಿ ಪಂಪು ಬಿತ್ತು. ಬಿದ್ದದ್ದು ಸುಮ್ಮನೆ ಬಿದ್ದಿರಲಿಲ್ಲ. ಇಳಿಜಾರಿನಲ್ಲಿ ಉರುಳಿಕೊಂಡು ಹೋಗಿ, ಎದುರಿಗೆ ಬರುತ್ತಿದ್ದ ನೀರಿನ ಟ್ಯಾಂಕರಿನ ಕೆಳಗೆ ನೆಟ್ಟಗೆ ಮಲಗಿತು. ಟ್ಯಾಂಕರ್ ಹೋದ ಮೇಲೆ ನೋಡಿದರೆ ಪಂಪಿನ ಅಳತೆಯ ಸಮಸ್ಯೆ ಬಗೆಹರಿದಿತ್ತು. ಈಗ ಅದು ಲಕೋಟೆಯೊಳಗೆ ಹಾಕಿ ಅಂಚೆಯಲ್ಲಿ ಕಳಿಸುವಷ್ಟು ಚಪ್ಪಟೆಯಾಗಿತ್ತು.

ಗಂಟೆ ಒಂದೂವರೆ. ಶನಿವಾರವಾದ್ದರಿಂದ ಸೈಕಲ್ ಅಂಗಡಿಯ ಬಾಗಿಲು ಒಂದಕ್ಕೇ ಬಿದ್ದಿತ್ತು.

"ಹೋಯ್ತು" ಎಂದ ಮಾಸ್ಟರ್. "ಗೋಡೆಗೆ ಹೋಯ್ತು ನನ್ನ ಸೈಕಲ್ಲು."

ಕಟ್ಟಿನವನಿಗೆ ಪಶ್ಚಾತ್ತಾಪವಾಯಿತು. ಅವನು ಪಶ್ಚಾತ್ತಾಪವನ್ನೂ ಸಲಹೆಯ ರೂಪದಲ್ಲೇ ಪಡುತ್ತಿದ್ದ. "ಮಾಸ್ಟ್ರೇ, ನಿಮ್ಮ ಮಾವ ಏನಂದಿದ್ರು? ಪಂಪು ಕೂತಿರ್ಬೇಕು ಅಂದ್ರಾ, ಗಾಳಿ ಹೊಡೀಬೇಕು ಅಂದ್ರಾ?"

"ಕೂತಿರ್ಬೇಕು ಅಂತ."

"ಬನ್ನಿ ಬಡಗಿ ಹತ್ರ."

ಹಿಂದಿನ ಓಣಿಯ ಬಡಗಿ ಮಂಚದ ಕಾಲು ಕಡೆಯುವುದರಲ್ಲಿ ನಿಸ್ಸೀಮ. ಕಿವಿ ಮೇಲೆ ಪೆನ್ಸಿಲ್ಲು, ಬಾಯಲ್ಲಿ ನಾಲ್ಕು ಮೊಳೆ. ಹೀಗಾಗಿ ಅವನ ಮಾತೆಲ್ಲ ತುಟಿಯ ಒಂದೇ ಮೂಲೆಯಿಂದ ಬರುತ್ತಿತ್ತು. ವಿಷಯ ಕೇಳಿ, "ಕಬ್ಬಿಣಕ್ಕೆ ಹಠ. ಮರಕ್ಕೆ ಹೇಳಿದ್ರೆ ಕೇಳತ್ತೆ" ಎಂದ. ಅವನು ಅಳತೆಗೆ ಬೆರಳು ಸೇರಿಸಲಿಲ್ಲ, ರಟ್ಟನ್ನೂ ನಂಬಲಿಲ್ಲ. ಕೋಲನ್ನು ಚೌಕಟ್ಟಿಗೇ ಹಿಡಿದು ಗೆರೆ ಎಳೆದ. ಮೂರು ಗಂಟೆಗೆಲ್ಲ ಒಂದು ಮಂಚದ ಕಾಲು ಪಂಪಿನ ಜನ್ಮ ತಾಳಿತ್ತು. ಕಟ್ಟಿನವನು ಅದಕ್ಕೆ ಕಪ್ಪು ಬಣ್ಣ ಬಳಿದು, ಫ್ರೇಮಿಗೆ ಹಚ್ಚುವ ಬೆಳ್ಳಿ ಬಣ್ಣದಲ್ಲಿ ಎರಡು ತುದಿ ಮಿಂಚಿಸಿದ. ಬಡಗಿ ಸುತ್ತಿಗೆಯಲ್ಲಿ ಒಂದೇ ಏಟು ಹಾಕಿದ. ಟಕ್! ಪಂಪು ಕೂತಿತು. ಸೈಕಲ್ ಜೊತೆಯಲ್ಲೇ ಹುಟ್ಟಿದ ಹಾಗೆ ಕೂತಿತು.

"ಮಾವನ್ನ ಮುಟ್ಟೋಕೆ ಬಿಡ್ಬೇಡಿ" ಎಂದ ಕಟ್ಟಿನವನು. "ನಿಂತಲ್ಲಿಂದ ನೋಡಿದ್ರೆ ದೇವರಾಣೆಗೂ ಪಂಪೇ."

ಐದಕ್ಕೆ ಸರಿಯಾಗಿ ಬೀದಿಯ ತುದಿಯಲ್ಲಿ ಸೀಟಿ ಕೇಳಿಸಿತು. ಮಾವ ಬಂದರು. ಕಟ್ಟಿನವನೂ ಬಡಗಿಯೂ ಪರದೆಯ ಹಿಂದೆ, ಹೊಲಿದು ಮುಗಿಯದ ಪ್ಯಾಂಟುಗಳ ನಡುವೆ ಅಡಗಿದರು. ಮಾಸ್ಟರ್ ಬಾಗಿಲಲ್ಲಿ ನೆಟ್ಟಗೆ ನಿಂತ. ಹೆಂಡತಿ ಕುರ್ಚಿ ತಂದಿಟ್ಟಳು. ಮಾವ ಕೂರಲಿಲ್ಲ.

ಸೈಕಲ್ಲಿನ ಸುತ್ತ ಒಂದು ಸುತ್ತು ಬಂದರು. ಬಗ್ಗಿದರು. ಪಂಪಿನ ಎಡ ತುದಿ ನೋಡಿದರು, ಬಲ ತುದಿ ನೋಡಿದರು. ಅವರ ಮೀಸೆ ಸಣ್ಣಗೆ ನಡುಗಿತು.

"ಎಲ್ಲಿ ಸಿಕ್ತು?"

"ಸಿಗಲಿಲ್ಲ ಮಾವ, ಅಂದ್ರೆ ಸಿಕ್ತು, ಹುಡುಕಿ ಹುಡುಕಿ..."

"ಹೂಂ. ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆ ಇದೆ." ಮಾವ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. "ಅಳಿಯಂದಿರೇ! ಪಂಪು ತೆಗೀರಿ! ಗಾಳಿ ಹೊಡೀರಿ!"

ಪರದೆಯ ಹಿಂದೆ ಯಾರೋ ಮೊಳೆ ನುಂಗಿಕೊಂಡಂಥ ಸದ್ದಾಯಿತು.

ಮಾಸ್ಟರ್ ಪಂಪನ್ನು ಹೇಗೋ ಕಿತ್ತ. ಮಾವನಿಗೆ ಬೆನ್ನು ಮಾಡಿ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತ. ಮರದ ತುದಿಯನ್ನು ಟ್ಯೂಬಿನ ಬಾಯಿಗೆ ಒತ್ತಿ ಹಿಡಿದ. ಆಮೇಲೆ ಮೊಣಕೈಯನ್ನು ಹಿಂದೆ ಮುಂದೆ ಆಡಿಸುತ್ತ, ಬಾಯಿಯಲ್ಲಿ ಸದ್ದು ಮಾಡತೊಡಗಿದ: "ಫುಸ್ಸ್... ಫುಸ್ಸ್... ಫುಸ್ಸ್..."

ಹೆಂಡತಿ ಗೋಡೆಯ ಕಡೆ ತಿರುಗಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಒಂದ್! ಎರಡ್!" ಮಾವ ಎಣಿಕೆ ಶುರುಮಾಡಿದರು. "ಬೇಗ! ಒಂದೆರಡ್, ಒಂದೆರಡ್!"

"ಫುಸ್ ಫುಸ್ ಫುಸ್ ಫುಸ್!" ನಲವತ್ತರ ಹೊತ್ತಿಗೆ ಮಾಸ್ಟರನ ಒಳಗಿನ ಗಾಳಿಯೆಲ್ಲ ಖಾಲಿಯಾಗಿ ಕಣ್ಣು ಕತ್ತಲೆ ಬಂತು. ಟೈರು ಮಾತ್ರ ಮೊದಲಿನಷ್ಟೇ ಮೆತ್ತಗಿತ್ತು.

"ನಿಲ್ಲಿ!" ಮಾವ ಹತ್ತಿರ ಬಂದು ಅವನ ಕೈಯಿಂದ ಪಂಪು ತೆಗೆದುಕೊಂಡರು. ಅವರ ಅಂಗೈಗೆ ಕಪ್ಪು ಬಣ್ಣ ಮೆತ್ತಿತು. ಬೆರಳ ಗಿಣ್ಣಿನಿಂದ ಒಮ್ಮೆ ಕುಟ್ಟಿದರು. ಟೊಕ್. ಇನ್ನೊಮ್ಮೆ. ಟೊಕ್ ಟೊಕ್.

ಗೋಡೆ, ದೀಪ, ಷಡ್ಡಕ ಎಲ್ಲವೂ ಮಾಸ್ಟರನ ಕಣ್ಣ ಮುಂದೆ ಹಾದುಹೋದವು.

ಆಗ ಮಾವ ನಕ್ಕರು. ಮೊದಲು ಮೀಸೆ ನಕ್ಕಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಅಂಗಡಿ. ಕುರ್ಚಿಯಲ್ಲಿ ಕುಸಿದು ಕಣ್ಣು ಒರೆಸಿಕೊಂಡು, ಮತ್ತೆ ಟೊಕ್ ಎನಿಸಿ, ಮತ್ತೆ ನಕ್ಕರು.

"ಮರ! ನನ್ನದೂ ಮರದ್ದೇ ಅಳಿಯಂದಿರೇ! ಸ್ಕೂಲಿನ ಡ್ರಿಲ್ ಕೋಲು ಕತ್ತರಿಸಿ ಕಪ್ಪು ಬಳಿದಿದ್ದೆ. ಈ ಹಾಳು ಚೌಕಟ್ಟಿಗೆ ಪಂಪೇ ಬರಲ್ಲ. ಮೂವತ್ತು ವರ್ಷ ಎಲ್ಲರ ಪಂಪು ಪರೀಕ್ಷೆ ಮಾಡಿದೆ. ಅಧ್ಯಕ್ಷರ ಪಂಪು ಮುಟ್ಟಿ ನೋಡೋಣ ಅಂತ ಒಬ್ಬನಿಗೂ ಅನ್ನಿಸಲಿಲ್ಲ!"

"ಮತ್ತೆ ಕಳೆದುಹೋಯ್ತು ಅಂದ್ರಲ್ಲಪ್ಪಾ?" ಎಂದಳು ಮಗಳು.

"ಗೆದ್ದಲು ತಿಂತು ಅಂತ ಸಂಘದಲ್ಲಿ ಹೇಳೋಕಾಗತ್ತಾ? ಪಂಪಿಲ್ಲದೆ ನನ್ನ ತಪಾಸಣೇಲಿ ನಾನೇ ಫೇಲು. ಅದಕ್ಕೇ ಸೈಕಲ್ ಬಿಟ್ಟಿದ್ದು." ಅವರು ಪಂಪನ್ನು ಮೊದಲಿನ ಜಾಗಕ್ಕೆ ಹಿಡಿದು ಅಂಗೈಯಿಂದ ಗುದ್ದಿದರು. ಟಕ್! "ಆಹಾ. ಮಾತು ಅಂದ್ರೆ ಮಾತು. ಸೈಕಲ್ ನಿಮ್ಮದು."

ಮಾಸ್ಟರ್ ಕಾಲುಗಳು ತಾವಾಗಿಯೇ ತುಳಿಯುವಂತೆ ಆಡಿದವು. ಪರದೆಯ ಹಿಂದಿನಿಂದ ಎರಡು ಜೊತೆ ಚಪ್ಪಾಳೆ ಕೇಳಿಸಿತು.

"ಆದ್ರೆ ನಾಳೆ ಬೆಳಿಗ್ಗೆ ಸಂಘದ ಸವಾರಿ ಇದೆ" ಎಂದರು ಮಾವ. "ಈಗ ಪಂಪು ಕೂತಿದೆ. ಅಧ್ಯಕ್ಷ ನಡ್ಕೊಂಡು ಹೋದ್ರೆ ಚೆನ್ನಾಗಿರಲ್ಲ. ನಾಳೆ ಒಂದು ದಿನ ಸೈಕಲ್ ನಾನು ತುಳೀತೀನಿ."

"ಅಯ್ಯೋ, ಅದಕ್ಕೇನು ಮಾವ! ಆದ್ರೆ ದಾರೀಲಿ ಗಾಳಿ ಹೋದ್ರೆ? ಇದು ಮರ..."

"ಅದಕ್ಕೆ ವ್ಯವಸ್ಥೆ ಇರ್ತಿತ್ತು. ನಿಮ್ಮತ್ತೆಯ ತಮ್ಮ, ನನ್ನ ಭಾವಮೈದ, ಮನೆಯ ದೊಡ್ಡ ಪಂಪು ಹೆಗಲಿಗೆ ಹಾಕ್ಕೊಂಡು ಹಿಂದೆ ಓಡಿ ಬರ್ತಿದ್ದ. ಕೇಳಿದೋರಿಗೆ ವ್ಯಾಯಾಮ ಅಂತಿದ್ವಿ. ಪಾಪ, ಈಗ ಅವನಿಗೆ ಮಂಡಿನೋವು." ಮಾವ ಅಳಿಯನ ಕಾಲುಗಳನ್ನು ಅಡಿಯಿಂದ ಮೇಲೆ ಒಮ್ಮೆ ನೋಡಿದರು. "ಇಪ್ಪತ್ತೆರಡು ವರ್ಷ ತುಳಿದ ಕಾಲು. ಗಟ್ಟಿ ಇದೆ. ಪ್ಯಾಂಟೂ ಎರಡು ಬೆರಳು ಲೂಸಿದೆ. ಓಡೋಕೆ ಹೇಳಿ ಮಾಡಿಸಿದ ಹಾಗಿದೆ."

"ಮಾವ... ನಾಳೆ ಒಂದೇ ದಿನ ತಾನೇ?"

"ಒಂದೇ ದಿನ."

"ಅಪ್ಪಾ," ಎಂದಳು ಮಗಳು, "ಸೋದರಮಾವ ಎಷ್ಟು ವರ್ಷ ಓಡಿದ್ರು?"

"ಅವನಿಗೂ ಒಂದೇ ದಿನ ಅಂತಲೇ ಹೇಳಿದ್ದೆ" ಎಂದರು ಮಾವ. "ಹನ್ನೊಂದು ವರ್ಷ."

ಹೆಂಡತಿ ನಕ್ಕಳು. ಪರದೆ ನಕ್ಕಿತು, ಪ್ಯಾಂಟುಗಳ ಸಮೇತ ಕಳಚಿ ಬಿತ್ತು, ಅದರಡಿಯಿಂದ ಕಟ್ಟಿನವನೂ ಬಡಗಿಯೂ ನಕ್ಕರು. ಮಾಸ್ಟರನೂ ನಗಲು ನೋಡಿದ. ಫುಸ್ ಎಂದಿತೇ ಹೊರತು ಬೇರೆ ಸದ್ದು ಬರಲಿಲ್ಲ. ಕಪ್ಪು ಅಂಗೈಯನ್ನು ಅಳಿಯನ ಬಿಳಿ ಅಂಗಿಯ ಬೆನ್ನಿಗೆ ಬಡಿಯುತ್ತ, ಎಲ್ಲರಿಗಿಂತ ಜೋರಾಗಿ ನಕ್ಕವರು, ಆ ದಿನ ಮೋಸ ಹೋಗಬೇಕಾಗಿದ್ದ ಮಾವ.