ಕಂಪ್ಲಿ ತಂತಿಗೆ ಸೋರಿದ ಮಾತು

ತಂತಿ ಆಫೀಸಿನಲ್ಲಿ ಕೂತು ಹಗಲುಗನಸು ಕಾಣುವವನಿಗೆ ಫಜೀತಿಗಳು ತಾವಾಗಿಯೇ ವಿಳಾಸ ಹುಡುಕಿಕೊಂಡು ಬರುತ್ತವೆ. ಹೊಸಪೇಟೆಯಲ್ಲಿ ನಾನು ತಂತಿ ಕುಟ್ಟುತ್ತಿದ್ದ ಕಾಲದವು ಇವು.

೧

ಸಂಡೂರಿನ ತಂತಿ, ಕಂಪ್ಲಿಯ ತಂತಿ ಎರಡೂ ಊರು ದಾಟುವವರೆಗೆ ಒಂದೇ ಕಂಬಗಳ ಮೇಲೆ ಹೋಗುತ್ತಿದ್ದವು. ಒಂದು ಮಳೆಗಾಲ ಸಂಡೂರಿನ ತಂತಿ ಮಾಸ್ತರನಾಗಿದ್ದ ನನ್ನ ಗೆಳೆಯ, ನಾನು ಕುಟ್ಟಿದ್ದು ಹಲ್ಲಿ ಲೊಚಗುಟ್ಟಿದಷ್ಟೂ ಕೇಳುವುದಿಲ್ಲವೆಂದು ಗೊಣಗಿದ. ಬ್ಯಾಟರಿಗೆ ಕರೆಂಟು ಕೊಡುವ ಗಾಜಿನ ಭರಣಿ ಇನ್ನೂ ಹತ್ತು ಸೇರಿಸಿ ವೋಲ್ಟೇಜು ಏರಿಸಿದೆ. ಅವನಿಗೆ ಖಣಖಣ ಕೇಳಿತು.

ಕಂಪ್ಲಿಯ ಹಿರಿಯ ಮಾಸ್ತರರು ಊಟವಾದ ಮೇಲೆ ಯಂತ್ರದ ಪಕ್ಕದಲ್ಲೇ ತೂಕಡಿಸುವವರು. ಅದಿರಿನ ಗಾಡಿ ನಾಳೆ ಬರುವುದಿಲ್ಲವೆಂದು ಯಾರೋ ಹೇಳಿದಂತೆ ಕನಸು ಬಿತ್ತೆಂದು ಒಂದು ದಿನ ತಂತಿಯಲ್ಲೇ ನನಗೆ ಹೇಳಿದರು. ನಾನು ಆಗಷ್ಟೇ ಸಂಡೂರಿಗೆ ಕಳಿಸಿದ್ದ ತಂತಿ ಅಕ್ಷರಶಃ ಅದೇ! ವೋಲ್ಟೇಜು ಹೆಚ್ಚಾಗಿ, ಒದ್ದೆ ಕಂಬದಲ್ಲಿ ಮಾತು ಪಕ್ಕದ ತಂತಿಗೆ ಸೋರಿತ್ತು.

"ಕನಸಿನ್ಯಾಗೂ ಡ್ಯೂಟಿ ತಪ್ಪವಲ್ದು ನೋಡ್ರಿ" ಎಂದು ಅವರು ನೊಂದುಕೊಂಡರು.

೨

ಪಾಪ ಅನ್ನಿಸಿ ಭರಣಿಗಳನ್ನು ತೆಗೆದೆ. ಕಂಪ್ಲಿ ತಣ್ಣಗಾಯಿತು, ಸಂಡೂರಿಗೆ ಮತ್ತೆ ಅರ್ಧಂಬರ್ಧ ಕೇಳತೊಡಗಿತು. ಯಾರದೋ ಮಾವ ಕುದುರೆಗಾಡಿಯಲ್ಲಿ ಬರುತ್ತಾರೆಂದು ಅಲ್ಲಿನ ಅಳಿಯನಿಗೆ ಒಂದು ತಂತಿ ಕಳಿಸಿದೆ. ಮಾವನೂ ಗಾಡಿಯೂ ದಾರಿಯಲ್ಲೇ ಉದುರಿ ಕುದುರೆಯೊಂದೇ ಸಂಡೂರು ಮುಟ್ಟಿತು. ಮಾವ ಬಂದಿಳಿದಾಗ ಅಳಿಯ ಹುಲ್ಲಿನ ಹೊರೆ ಹಿಡಿದು ಬಾಗಿಲಲ್ಲಿ ನಿಂತಿದ್ದನಂತೆ.

ಭರಣಿಗಳನ್ನು ಮರಳಿ ಜೋಡಿಸಿದೆ.

೩

ಅಷ್ಟರಲ್ಲಿ ಆ ಕಂಪ್ಲಿ ಮಾಸ್ತರರ ಮಗಳನ್ನೇ ನೋಡಿಬಂದೆ. ತಾಯಿಯಿಲ್ಲದ ಹುಡುಗಿ. ಎರಡು ವಾರವಾದರೂ ಉತ್ತರವಿಲ್ಲ, ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಜಿಟಿಜಿಟಿ ಮಳೆ. ಕಿಟಕಿಯಾಚೆ ಗುಡ್ಡಗಳು ಮಂಜಿನಲ್ಲಿ ತೇಲುತ್ತಿದ್ದವು. ಸಂಡೂರಿನ ಗೆಳೆಯನಿಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತ ಮನಸ್ಸು ಬಿಚ್ಚಿದೆ. ಕಣ್ಣು ಮುಚ್ಚಿದರೆ ಆಕೆಯೇ ಕಾಣುತ್ತಾಳೆ, ಆಕೆ ಒಲ್ಲೆ ಅಂದರೆ ಹಂಪಿಯ ಗವಿ ಸೇರುತ್ತೇನೆ ಎಂದೆ. ನೋಡಲು ಹೋದ ದಿನ ಅವರ ಮನೆಯಲ್ಲಿ ಕೊಟ್ಟ ಉಪ್ಪಿಟ್ಟು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು, ಆಕೆ ನೋಡುತ್ತಿದ್ದಾಳೆಂದು ತಟ್ಟೆ ಒರೆಸಿ ತಿಂದೆ ಎಂದೂ ಸೇರಿಸಿದೆ. ಭರಣಿಗಳ ನೆನಪೇ ಇರಲಿಲ್ಲ.

ಅರ್ಧ ಗಂಟೆ ಬಿಟ್ಟು ಕಂಪ್ಲಿಯ ಯಂತ್ರ ಬಡಿಯಿತು. ಮಾಸ್ತರರೇ.

"ಎಲ್ಲಾ ಕೇಳಿಸ್ತ್ರಿ. ಮಗಳಿಗೂ ಓದಿ ಹೇಳಿದೆ. ಒಪ್ಯಾಳ. ಗವಿಗೆ ಹೋಗಬ್ಯಾಡ್ರಿ."

ಸಂತೋಷಕ್ಕೆ ಕಣ್ಣು ಮಂಜಾಯಿತು. ಯಂತ್ರ ಮತ್ತೆ ಮೆಲ್ಲಗೆ ಬಡಿಯಿತು.

"ಉಪ್ಪಿಟ್ಟು ಮಾಡಿದಾಂವ ನಾನರಿ."