ಬೈಕಿಗೆ ಹಚ್ಚಿದ ತಲೆಯೆಣ್ಣೆ

ಹೆಂಡತಿಗೆ ಹೆದರುವ ಗಂಡಂದಿರು ಬೀದಿಗೆ ಹತ್ತು ಸಿಗುತ್ತಾರೆ. ನಮ್ಮ ಗುಮಾಸ್ತರು ಅವತ್ತು ಹೆದರಿದ್ದು ಹೆಂಡತಿಯ ತಲೆಯೆಣ್ಣೆಗೆ.

ಅವರ ಬೈಕಿಗೆ ವಯಸ್ಸಾಗಿತ್ತು. ರಬ್ಬರುಗಳೆಲ್ಲ ಸವೆದು ಬಿರುಕು ಬಿಟ್ಟಿದ್ದವು. ಸ್ಟಾರ್ಟ್ ಮಾಡಿದರೆ ಟ್ಯಾಂಕು ಗಡಗಡ, ಹ್ಯಾಂಡಲ್ಲು ಗಡಗಡ, ಹಿಂದೆ ಕೂತ ಹೆಂಡತಿಯ ಹಲ್ಲು ಕಟಕಟ. (ಹಾಗೆಂದು ಆಕೆಯ ಮಾತು ನಿಂತದ್ದಿಲ್ಲ.) ಸಾಲದ್ದಕ್ಕೆ, ಮನೆಯಲ್ಲಿ ತೋರಿಸಲಾಗದ ಶೌರ್ಯವನ್ನೆಲ್ಲ ಗುಮಾಸ್ತರು ಆಕ್ಸಿಲರೇಟರಿನ ಮೇಲೆ ತೋರಿಸುತ್ತಿದ್ದರು. ಕೊನೆಗೆ ತೀರ್ಪು ಹೊರಬಿತ್ತು.

"ಇವತ್ತು ಇನ್ನೊಂದೇ ಒಂದು ಸಲ ಕೂರ್ತೀನಿ. ಮೈ ಅಲ್ಲಾಡ್ತೋ, ನಾಳೇನೇ ಇದು ಗುಜರಿಗೆ!"

ಆ ಮನೆಯಲ್ಲಿ ಗುಮಾಸ್ತರ ಮಾತು ಕೇಳುವ ಜೀವ ಆ ಬೈಕೊಂದೇ, ಅದೂ ನಾಲ್ಕು ಸಲ ಒದ್ದ ಮೇಲೆ. ಓಡಿಹೋಗಿ ಹೊಸ ರಬ್ಬರು ತಂದರು. ಟ್ಯಾಂಕಿನ ಕೆಳಗಿನವು ಸಲೀಸಾಗಿ ಕೂತವು. ಹ್ಯಾಂಡಲ್ಲಿನ ರಬ್ಬರು ಹಿಡಿಗಳು ಮಾತ್ರ ಒಳಗೆ ಹೋಗಲೊಲ್ಲವು. ತಿರುಚಿದರು, ಗುದ್ದಿದರು, ಕಡೆಗೆ ಕೈಮುಗಿದರು.

"ಆಯ್ತೇನ್ರೀ? ನಾನು ಸೀರೆ ಉಟ್ಟಾಯ್ತು!" ಎಂದು ಒಳಗಿನಿಂದ ಕೂಗು ಬಂತು.

ಕಿಟಕಿಯ ಕಟ್ಟೆಯ ಮೇಲೆ ಹೆಂಡತಿಯ ತಲೆಯೆಣ್ಣೆಯ ಬಾಟಲಿ ಕಾಣಿಸಿತು. ಸುರಿದರು, ತಳ್ಳಿದರು. ಸುಯ್ಯೆಂದು ಕೂತವು! ತಮ್ಮ ಬುದ್ಧಿಗೆ ತಾವೇ ತಲೆದೂಗಿದರು. ಸುಯ್ಯೆಂದು ಕೂತದ್ದು ಸುಯ್ಯೆಂದು ಈಚೆ ಬರಲೂ ಬಹುದೆಂದು ಹೊಳೆದದ್ದು, ಹೆಂಡತಿ ಹಿಂದೆ ಕೂತು ಬೀದಿಯ ತಿರುವು ದಾಟಿದ ಮೇಲೆ.

ಆಕ್ಸಿಲರೇಟರು ತಿರುಗಿಸಿದರೆ ಹಿಡಿಯೊಂದೇ ಗಿರಗಿರ ತಿರುಗಿತು, ಬೈಕು ತನ್ನ ಪಾಡಿಗೆ ತೆವಳಿತು. ಅಷ್ಟರಲ್ಲಿ ಎಡಗಡೆಯ ಹಿಡಿ ಪೂರ್ತಿ ಕಳಚಿ ಅವರ ಅಂಗೈಗೇ ಬಂತು. ಹಿಡಿಯನ್ನು ಮೆಲ್ಲಗೆ ಜೇಬಿಗಿಳಿಸಿ ಬರೀ ಕಬ್ಬಿಣವನ್ನು ಹಿಡಿದುಕೊಂಡರು. ಹಿಂದೆ ಬಸ್ಸು ಬೊಬ್ಬೆ ಹೊಡೆಯುತ್ತಿತ್ತು. ಪಕ್ಕದಲ್ಲಿ ಊರುಗೋಲಿನ ಮುದುಕರೊಬ್ಬರು ಇವರನ್ನು ಹಿಂದೆ ಹಾಕಿ ಮುಂದೆ ಹೋದರು. ಬ್ರೇಕು ಹಾಕಿದರೆ ಹೆಂಡತಿಯ ಮೈ ಅಲ್ಲಾಡೀತು, ಹಾಕದಿದ್ದರೆ ಮುಂದಿನ ಇಳಿಜಾರಿನಲ್ಲಿ ಇಬ್ಬರೂ ಚರಂಡಿ ಸೇರುವುದು ಖಂಡಿತ.

"ರೀ, ಬೈಕು ನಡುಗ್ತಾ ಇಲ್ಲ. ನೀವ್ಯಾಕೆ ನಡುಗ್ತಿದ್ದೀರಿ?"

"ಚಳಿ ಕಣೇ."

"ಈ ಬಿಸಿಲಲ್ಲಾ?"

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಇಳಿಜಾರು ಬಂತು. ಗುಮಾಸ್ತರು ಮನಸ್ಸಿನಲ್ಲೇ ಎಲ್ಲರ ಕ್ಷಮೆ ಕೇಳಿಕೊಂಡರು, ಆಫೀಸಿನ ಮೇಲಧಿಕಾರಿಯನ್ನೂ ಬಿಡಲಿಲ್ಲ. ಬ್ರೇಕನ್ನು ಇಷ್ಟಿಷ್ಟೇ ಒತ್ತುತ್ತಾ ಕೆಳಗೆ ತಲುಪಿದಾಗ ಬದುಕಿದ್ದೇವೆಂದು ಅವರಿಗೇ ನಂಬಿಕೆ ಬರಲಿಲ್ಲ.

ಸುತ್ತು ಮುಗಿಸಿ ಮನೆ ಮುಂದೆ ಬಂದಾಗ ಹೆಂಡತಿ ಇಳಿದಳು, ಸೀರೆ ಸರಿಮಾಡಿಕೊಂಡಳು.

"ಮೈ ಒಂಚೂರೂ ಅಲ್ಲಾಡ್ಲಿಲ್ಲ. ಬೈಕು ಇರ್ಲಿ ಬಿಡಿ."

ಗುಮಾಸ್ತರಿಗೆ ಕಣ್ಣು ತುಂಬಿ ಬಂತು. ಆಕೆ ಒಳಗೆ ಹೋದದ್ದೇ ತಡ, ಬಟ್ಟೆ ಹಿಡಿದು ಎಣ್ಣೆ ಒರೆಸಲು ಓಡಿದರು.

"ಅದನ್ನ ಮುಟ್ಟಬೇಡಿ!"

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕೈಯಲ್ಲಿ ಅದೇ ಬಾಟಲಿ.

"ದಾರಿ ಉದ್ದಕ್ಕೂ ನನ್ನ ತಲೆಯೆಣ್ಣೆ ವಾಸನೆ ನಿಮ್ಮ ಕೈಯಿಂದ ಬರ್ತಿತ್ತು. ನಿಮ್ಮ ತಲೇಲಂತೂ ಎಣ್ಣೆ ಹಚ್ಚೋಕೆ ಕೂದಲಿಲ್ಲ. ಹಿಡಿ ಜೇಬಿಗೆ ಹೋಗಿದ್ದೂ ನೋಡ್ದೆ. ನನಗೆ ಅಷ್ಟೂ ಗೊತ್ತಾಗಲ್ವಾ?"

"ಗೊತ್ತಾದ್ಮೇಲೂ ಸುಮ್ನೆ ಕೂತಿದ್ಯಾ?"

"ಮತ್ತೇನು? ಇಷ್ಟು ವರ್ಷ ಗೋಗರೆದ್ರೂ ನಿಧಾನ ಹೋಗದೇ ಇರೋರು ಇವತ್ತು ಹೂವಿನ ಹಾಗೆ ಕರ್ಕೊಂಡು ಬಂದ್ರಲ್ಲ!" ಆಕೆ ಗಂಡನ ಜೇಬಿಗೆ ಕೈಹಾಕಿ ಹಿಡಿಯನ್ನು ತೆಗೆದಳು, ಅದಕ್ಕೆ ಧಾರಾಳವಾಗಿ ಎಣ್ಣೆ ಬಳಿದು ಹ್ಯಾಂಡಲ್ಲಿಗೆ ಏರಿಸಿದಳು. "ಇನ್ಮೇಲೆ ಇದನ್ನ ನಾನೇ ಹಚ್ತೀನಿ. ನಾಳೆ ಅಮ್ಮ ಬರ್ತಾರೆ. ಬಸ್‌ಸ್ಟ್ಯಾಂಡಿಂದ ಇದರಲ್ಲೇ ಕರ್ಕೊಂಡು ಬನ್ನಿ."

ಗುಮಾಸ್ತರಿಗೆ ಆ ಇಳಿಜಾರು ಕಣ್ಣ ಮುಂದೆ ಬಂತು, ಅದರ ಹಿಂದೆಯೇ ಅತ್ತೆಯವರ ಗಾತ್ರ.

"ಬೇಡ ಕಣೇ," ಎಂದರು ತೊದಲುತ್ತಾ, "ನಾಳೇನೇ ಇದನ್ನ ಗುಜರಿಗೆ ಹಾಕಿಬಿಡೋಣ."