ಆಚೆಸೀಮೆಯ ರಾಜ್ಯಪಾಲರು

ಬಹಳ ಹಿಂದೆ, ಗಡಿಯನ್ನು ಇನ್ನೂ ತಲೆಯ ಮೇಲೆ ಹೊರುತ್ತಿದ್ದ ಕಾಲದಲ್ಲಿ, ಅಂಗೈಪುರವೆಂಬ ಒಂದು ರಾಜ್ಯವಿತ್ತು. ಅದರ ಎಲ್ಲೆ ತಿಳಿಯಲು ಭೂಪಟ ಬೇಕಿರಲಿಲ್ಲ. ಅರಮನೆಯ ಉಪ್ಪರಿಗೆ ಹತ್ತಿದರೆ ನಾಲ್ಕೂ ದಿಕ್ಕಿನ ಗಡಿಕಲ್ಲುಗಳು ಕಾಣುತ್ತಿದ್ದವು. ಮಹಾರಾಜ ವಿಸ್ತಾರವರ್ಮರ ದುಃಖಕ್ಕೆ ಇದೇ ಕಾರಣ.

ಗಡಿಕಲ್ಲಿಗೆ ಅಲ್ಲಿ ಒಂದು ಕಟ್ಟಳೆಯಿತ್ತು. ಕಲ್ಲನ್ನು ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬೇಕು. ಅದು ಮೊದಲು ನೆಲ ಮುಟ್ಟಿದ ಜಾಗವೇ ಗಡಿ. ಊರಿದ ಕಲ್ಲನ್ನು ಮತ್ತೆ ಎತ್ತುವುದು ರಾಜದ್ರೋಹ. ಹಿಂದೊಮ್ಮೆ ಹೊರುವವನಿಗೆ ಸೀನು ಬಂದು, ದಕ್ಷಿಣದ ಗಡಿ ಒಬ್ಬಾಕೆಯ ಅಡುಗೆಮನೆಯ ನಡುವೆ ಹಾದುಹೋಗಿತ್ತು. ಆಕೆ ಒಲೆ ಹಚ್ಚುತ್ತಿದ್ದುದು ಸ್ವದೇಶದಲ್ಲಿ, ನೀರು ಮೊಗೆಯುತ್ತಿದ್ದುದು ಪರದೇಶದಲ್ಲಿ. ಇದು ಯಾರಿಗೂ ವಿಚಿತ್ರವೆನಿಸಿರಲಿಲ್ಲ.

ಒಂದು ದಿನ ಮಹಾರಾಜರು ಉಪ್ಪರಿಗೆಯಿಂದ ಹೊಳೆಯಾಚೆ ನೋಡಿದರು. ಅಲ್ಲಿ ಮರಳು, ಮರಳಿನಲ್ಲಿ ಕಲ್ಲಂಗಡಿ ಬಳ್ಳಿ.

“ಮಂತ್ರಿಗಳೇ, ಆ ದಡ ಯಾರದು?”

“ಸದ್ಯಕ್ಕೆ ಆಚೆಸೀಮೆಯವರದು, ಪ್ರಭು,” ಎಂದರು ಮಹಾಮಂತ್ರಿ ಅನುಮೋದಶರ್ಮರು. “ಆದರೆ ಅದು ತಮ್ಮನ್ನೇ ನೋಡುತ್ತಿರುವ ಹಾಗಿದೆ.”

“ಹಾಗಾದರೆ ಅದಕ್ಕೆ ನಮ್ಮ ಮೇಲೆ ಪ್ರೀತಿಯಿದೆ.”

“ಸಮೀಕ್ಷೆ ಕೂಡ ಹಾಗೇ ಹೇಳುತ್ತದೆ.”

“ಯಾವ ಸಮೀಕ್ಷೆ?”

“ನಾಳೆ ಮಾಡಿಸಲಿರುವುದು, ಪ್ರಭು.”

ಪತ್ರಿಕಾಗೋಷ್ಠಿ ಕರೆದು, ಆಚೆಸೀಮೆಯು ಅಂಗೈಪುರದ ಪುರಾತನ ಅಂಗವೆಂದೂ ನಡುವೆ ಹರಿಯುವ ಹೊಳೆ ಒಂದು ತಾಂತ್ರಿಕ ದೋಷವೆಂದೂ ಪ್ರಕಟಿಸಲಾಯಿತು. ಕಲ್ಲು ಹೊರುವ ಮನೆತನದ ಚಿಕ್ಕೀರನಿಗೆ ಬುಲಾವ್ ಹೋಯಿತು.

ಹೊರಡುವ ಹೊತ್ತಿಗೆ ಅವನ ಹೆಂಡತಿ ದೇವೀರಿ ತನ್ನ ಹಳೆಯ ಹಸಿರು ಸೀರೆ ಹರಿದು ಸಿಂಬೆ ಸುತ್ತಿ ಅವನ ತಲೆಗಿಟ್ಟಳು. ಮೇಲೆ ನಾಲ್ಕು ಜನ ಸೇರಿ ಕಲ್ಲು ಏರಿಸಿದರು.

“ಬುದ್ಧಿ, ದೋಣಿಯಾಗೆ ಒಸಿ ಕೆಳಗಿಡ್ಲಾ?” ಎಂದು ಚಿಕ್ಕೀರ ಕೇಳಿದ.

“ದೋಣಿಯಲ್ಲಿಟ್ಟರೆ ದೋಣಿಯೇ ಗಡಿಯಾಗುತ್ತದಪ್ಪ,” ಎಂದರು ಮಂತ್ರಿ. “ಅದು ದಿನಾ ಅತ್ತಿತ್ತ ಹೋಗುತ್ತದೆ. ವಿದೇಶಾಂಗ ನೀತಿಗೆ ಒಂದು ಸ್ಥಿರತೆ ಬೇಡವೇ?”

“ಬೆನ್ನು ಬಗ್ಗುಸ್ಬ್ಯಾಡ,” ಎಂದಳು ದೇವೀರಿ.

“ಬಗ್ಸಾಕೆ ಇದು ಬುಟ್ರೆ ತಾನೆ,” ಎಂದ ಚಿಕ್ಕೀರ. ತಲೆ ಅಲ್ಲಾಡಿಸುವಂತಿರಲಿಲ್ಲ. ಕಣ್ಣಿನಲ್ಲೇ ನಕ್ಕ.

ಅವನು ಹೊಳೆಯನ್ನು ನಿಂತೇ ದಾಟಿದ. ದೋಣಿಯ ಮೂತಿ ಆಚೆಯ ಮರಳಿಗೆ ತಗುಲಿ ಜಗ್ಗಿತು. ಚಿಕ್ಕೀರ ಮುಂದಕ್ಕೆ ಬಿದ್ದ, ಅವನ ಮೇಲೆ ಕಲ್ಲು ಬಿತ್ತು. ಈಚೆ ದಡದಲ್ಲಿ ವಾದ್ಯದವರು ಸನ್ನೆಗಾಗಿ ಕಾಯುತ್ತಿದ್ದರು. ಕಲ್ಲು ಇಳಿದದ್ದು ನೋಡಿ ಬಾರಿಸಿದರು.

ಒಂದು ಸಂದೇಹ ಮಾತ್ರ ಉಳಿಯಿತು. ಕಲ್ಲಿಗೂ ನೆಲಕ್ಕೂ ನಡುವೆ ಒಬ್ಬ ಮನುಷ್ಯನಿದ್ದುದರಿಂದ ಕಲ್ಲು ನೆಲ ಮುಟ್ಟಿದಂತಾಯಿತೋ, ಇಲ್ಲವೋ? ತಜ್ಞರ ಸಮಿತಿ ದೂರದರ್ಶಕದಲ್ಲಿ ನೋಡಿ, ಒಂದು ಮೂಲೆ ಮರಳಿಗೆ ತಾಗಿದೆ ಎಂದು ಬಹುಮತದಿಂದ ತೀರ್ಮಾನಿಸಿತು. ರಕ್ತಪಾತವಿಲ್ಲದೆ ದಿಗ್ವಿಜಯವಾಯಿತೆಂದು ಡಂಗುರ ಹೊಡೆಸಿದರು.

ಆಚೆಸೀಮೆಯ ದೊರೆ ಆಗ ಕಲ್ಲಂಗಡಿ ಕೊಯ್ಲಿನ ಗಡಿಬಿಡಿಯಲ್ಲಿದ್ದರು. ಕಲ್ಲು ಎತ್ತಿ ನಿಮ್ಮವನನ್ನು ಕಳಿಸಿಕೊಡುತ್ತೇವೆ ಎಂದು ಹೇಳಿ ಕಳಿಸಿದರು. ಕಲ್ಲು ಮುಟ್ಟಿದರೆ ಅದನ್ನು ನಮ್ಮ ಮೇಲಿನ ದಂಡಯಾತ್ರೆ ಎಂದು ಭಾವಿಸಿ ಆ ದಡ ಸುಡುತ್ತೇವೆ ಎಂದು ಇಲ್ಲಿಂದ ಉತ್ತರ ಹೋಯಿತು.

ದೇವೀರಿ ಸಭೆಗೆ ಬಂದಳು.

“ಬುದ್ಧಿ, ಆ ಕಲ್ಲ ಒಂದೀಟು ಎತ್ಸಿ. ನಮ್ಮನೆಯೋರ್ನ ಈಚೆಗೆ ತಕ್ಕೊಂಡು ಅಲ್ಲೇ ಮಡಗ್ಬುಡ್ಲಿ. ಮಣ್ಣಿಗಿಡ್ಬೇಕು.”

“ಯಾರನ್ನು?” ಎಂದರು ಮಹಾರಾಜರು.

“ಸತ್ತೋರ್ನ.”

ರಕ್ತಪಾತವಿಲ್ಲದ ದಿಗ್ವಿಜಯದಲ್ಲಿ ಸತ್ತವರಿರಲು ಸಾಧ್ಯವಿರಲಿಲ್ಲ. ಅನುಮೋದಶರ್ಮರು ಮಹಾರಾಜರ ಕಿವಿಯಲ್ಲಿ ಏನೋ ಹೇಳಿದರು. ಮಹಾರಾಜರ ಮುಖ ಅರಳಿತು.

“ತಾಯೀ, ನಮ್ಮ ಹೊಸ ಪ್ರಾಂತ್ಯದಲ್ಲಿ ಅಂಗೈಪುರದ ಪ್ರಜೆ ಅಂತ ಇರುವವನು ನಿನ್ನ ಗಂಡ ಒಬ್ಬನೇ. ಅವನೇ ಅಲ್ಲಿನ ರಾಜ್ಯಪಾಲ. ಈ ಕ್ಷಣದಿಂದ.”

“ಅವ್ರು ಕಲ್ಲಿನ ಕೆಳಗವ್ರೆ, ಬುದ್ಧಿ.”

“ಹುದ್ದೆ ಬಿಟ್ಟು ಕದಲದ ಅಧಿಕಾರಿ ನಮಗೆ ಸಿಕ್ಕಿದ್ದು ಇದೇ ಮೊದಲು,” ಎಂದರು ಮಹಾರಾಜರು, ಗದ್ಗದಿತರಾಗಿ.

ರಾಜ್ಯಪಾಲರ ಪತ್ನಿ ಬರಿಗೈಯಲ್ಲಿರುವುದು ಪ್ರೋಟೋಕಾಲ್ ಅಲ್ಲ. ಗಾಜಿನ ಬಳೆ ಒಡೆದುಕೊಂಡಾಳೆಂಬ ಮುನ್ನೆಚ್ಚರಿಕೆಯಿಂದ ಹಿತ್ತಾಳೆಯ ಬಳೆ ತೊಡಿಸಿ, ಕೀಲನ್ನು ಬೆಸುಗೆ ಹಾಕಿಸಿದರು. ದೇವೀರಿ ಅಳಲಿಲ್ಲ. ಬೆಸುಗೆಯ ಬಿಸಿ ಮಣಿಕಟ್ಟಿಗೆ ತಾಗಿದಾಗಲೂ ಕೈ ಎಳೆದುಕೊಳ್ಳಲಿಲ್ಲ. ಅಕ್ಕಪಕ್ಕದವರು ಅವಳನ್ನು “ರಾಜ್ಯಪಾಲಮ್ಮ” ಎಂದು ಕರೆಯತೊಡಗಿದರು. ಮೊದಲು ತಮಾಷೆಗೆ, ಆಮೇಲೆ ಅಭ್ಯಾಸಕ್ಕೆ.

ಸಂತೆಯ ದಿನ ಆಚೆಸೀಮೆಯ ಹಣ್ಣಿನವಳೊಬ್ಬಳು ಬುಟ್ಟಿ ಹೊತ್ತು ದೇವೀರಿಯ ಬಾಗಿಲಿಗೆ ಬಂದಳು. ಸಿದ್ದಮ್ಮ ಎಂದು ಹೆಸರು.

“ಹಣ್ಣು ಬೇಕಾಗಿಲ್ಲ ಕಣವ್ವ,” ಎಂದಳು ದೇವೀರಿ.

“ಮಾರಾಕೆ ಬಂದಿಲ್ಲ ಕಣ್ ಮಗ.” ಸಿದ್ದಮ್ಮ ತಲೆಯ ಮೇಲಿನ ಸಿಂಬೆ ತೆಗೆದು ಅವಳ ಕೈಗಿಟ್ಟಳು. ಹಸಿರು ಸೀರೆಯದು. “ನಮ್ಮ ಹೆಂಗಸ್ರೆಲ್ಲ ಸೇರ್ಕೊಂಡು ಕಲ್ಲ ಒರಗಿಸಿ ಆವತ್ತೇ ನಿಮ್ಮನೆಯೋರ್ನ ಎತ್ಬುಟ್ವಿ. ನಮ್ಮೋರ್ ಮಗ್ಗುಲಲ್ಲೇ ಮಣ್ಣು ಮಾಡೀವಿ. ಬಾಯಿಗೆ ನೀರು ಬುಟ್ಟೀವಿ. ಕಲ್ಲ ಇದ್ದಂಗೇ ಮಡಗೀವಿ. ಯಾರ್ಗೂ ಅನ್ಬ್ಯಾಡ ಮಗ, ನಮ್ಮ ಗುಡಿಸ್ಲು ಸುಟ್ಟಾರು.”

ದೇವೀರಿ ಸಿಂಬೆಯನ್ನು ಮಡಿಲಲ್ಲಿಟ್ಟುಕೊಂಡಳು.

“ಯಾವ ಕಡೀಕೆ ಮಖ ಮಾಡಿ ಮಲಗ್ಸಿದ್ರಿ?”

“ಹೊಳೆ ಕಡೀಕೆ. ಈ ದಡ ಕಾಣೋ ಹಂಗೆ.”

ಇತ್ತ ಎರಡು ದಡಗಳ ಒಡೆಯನನ್ನು ಬರಿಯ ಮಹಾರಾಜನೆನ್ನುವುದು ಸರಿಯಲ್ಲವೆಂದು ಅನುಮೋದಶರ್ಮರು ಸೂಚಿಸಿದರು. ಚಕ್ರವರ್ತಿ ಪಟ್ಟಾಭಿಷೇಕದ ಕಿರೀಟಕ್ಕೆಂದು ಮನೆಮನೆಯಿಂದ ಹಿತ್ತಾಳೆ ಪಾತ್ರೆಗಳನ್ನು ಎತ್ತಿದರು. ಜನ ಮಡಕೆಯಲ್ಲಿ ಅನ್ನ ಬೇಯಿಸಿಕೊಂಡು ಉತ್ಸವ ನೋಡಲು ಬಂದರು. ಬರದಿದ್ದವರ ಮಡಕೆ ಒಡೆಯಲಾಗುವುದೆಂದು ಆಹ್ವಾನಪತ್ರಿಕೆಯಲ್ಲೇ ಅಚ್ಚಾಗಿತ್ತು.

ಕಿರೀಟ ದೊಡ್ಡದಿತ್ತು. ಚಕ್ರವರ್ತಿಗಳು ಕತ್ತು ಅಲ್ಲಾಡಿಸದೆ ಕಣ್ಣನ್ನಷ್ಟೇ ದೇವೀರಿಯತ್ತ ಹೊರಳಿಸಿದರು.

“ನಮ್ಮ ರಾಜ್ಯಪಾಲರು ಕುಶಲವೇ?”

ಸಭೆಯೆಲ್ಲ ಅವಳತ್ತ ತಿರುಗಿತು. ಗಂಡ ಸತ್ತ ಎಂದು ಒಮ್ಮೆ ಹೇಳಬೇಕೆಂದು ಅವಳಿಗೆ ಆಸೆಯಿತ್ತು. ಯಾರಾದರೂ ಹೌದು ಅನ್ನಬೇಕೆಂದಿತ್ತು. ಹೊಳೆಯಾಚೆ ಗುಡಿಸಲುಗಳಿಂದ ಅಡುಗೆಯ ಹೊಗೆ ಏಳುತ್ತಿದ್ದುದು ಅವಳು ನಿಂತ ಜಾಗದಿಂದ ಕಾಣುತ್ತಿತ್ತು.

“ನೆಮ್ಮದಿಯಾಗವ್ರೆ, ಬುದ್ಧಿ.”

“ಕೇಳಿದಿರಾ!” ಎಂದರು ಚಕ್ರವರ್ತಿಗಳು. ದಡವೇನೋ ನಮ್ಮದಾಯಿತು, ಅದರಾಚೆಯ ಬೆಟ್ಟವೂ ಬೆಟ್ಟದಾಚೆಯ ಸಮುದ್ರವೂ ಬಾಕಿಯಿವೆ ಎಂದು ಸ್ಥಳದಲ್ಲೇ ಘೋಷಿಸಿದರು. ಕಲ್ಲು ಹೊರುವ ಪ್ರತಿ ಮನೆಯಿಂದ ಒಬ್ಬೊಬ್ಬ ರಾಜ್ಯಪಾಲರನ್ನು ಕಳುಹಿಸಬೇಕೆಂದು ಅಪ್ಪಣೆಯಾಯಿತು. ಜಯಕಾರ ಮುಗಿಲು ಮುಟ್ಟಿತು.

ಅರಮನೆಯ ಅಂಗಳದಲ್ಲಿ ಆ ಮನೆಗಳ ಹೆಂಗಸರು ಸಾಲಾಗಿ ನಿಂತಿದ್ದರು. ಕಂಚುಗಾರ ಒಬ್ಬೊಬ್ಬರ ಮಣಿಕಟ್ಟಿಗೂ ದಾರ ಸುತ್ತಿ ಅಳತೆ ತೆಗೆದುಕೊಳ್ಳುತ್ತಿದ್ದ.